ದೋಷ ಹುಡುಕುವವಳು

ಮ್ಯೂಸ್ ನದಿಯ ಆ ದಡದಲ್ಲಿ ಉಕ್ಕು ಕರಗಿಸುತ್ತಿದ್ದರು,
ಈ ದಡದಲ್ಲಿ ನಾವು ಹಾಡು ಒತ್ತುತ್ತಿದ್ದೆವು.
ಕರಿ ಅಂಟಿನ ಬಿಸಿ ಉಂಡೆ, ಮೇಲೊಂದು ಕೆಳಗೊಂದು ಅಚ್ಚು,
ಇಪ್ಪತ್ತೆಂಟು ಎಣಿಸುವಷ್ಟರಲ್ಲಿ
ಹಪ್ಪಳದಂತೆ ಚಪ್ಪಟೆ, ಪ್ಯಾರಿಸ್ಸಿನ ಒಂದು ಸಂಜೆ.
ಅಂಚು ಕತ್ತರಿಸಲು ಒಬ್ಬಳು, ಲಕೋಟೆಗೆ ತುಂಬಲು ಒಬ್ಬಳು,
ಕೇಳಲು ನಾನು.

ಗಿಲೇನ್ ಪೊನ್ಸೆಲೆ, ತಪಾಸಣೆ ಮೇಜು ಮೂರು.
ನೂರಕ್ಕೊಂದು ತಟ್ಟೆ ತೆಗೆದು ಮುಳ್ಳು ಇಳಿಸಬೇಕು:
ಮೊದಲ ಹತ್ತು ಸುತ್ತು, ಕೊನೆಯ ಹತ್ತು ಸುತ್ತು.
ಪೂರ್ತಿ ಕೇಳುವುದಕ್ಕೆ ಸಂಬಳ ಕೊಡುತ್ತಿರಲಿಲ್ಲ.
ಹಾಗಾಗಿ ಊರೆಲ್ಲ ಅತ್ತ ಹಾಡಿನಲ್ಲಿ
ಅವನು ಬಂದರಿನಲ್ಲಿ ಕಾದದ್ದು ಗೊತ್ತು,
ಅವಳು ಕಿಟಕಿ ಮುಚ್ಚಿದ್ದು ಗೊತ್ತು.
ನಡುವೆ ಏನಾಯಿತೋ.

ಮಾತು ಕೇಳಬೇಡ, ಎನ್ನುತ್ತಿದ್ದ ಮೇಸ್ತ್ರಿ ಬೊರ್ತೊಲುಝಿ,
ಮಾತಿನ ಹಿಂದಿನ ಕಸ ಕೇಳು.
ಇಟಲಿಯಿಂದ ಗಣಿಗೆ ಬಂದವನು,
ಸಿಡಿಮದ್ದಿಗೆ ಒಂದು ಕಿವಿ ಕೊಟ್ಟು ಮೇಲೆದ್ದವನು,
ಉಳಿದ ಒಂದರಲ್ಲೇ ನಮ್ಮ ಪಿಸುಮಾತೆಲ್ಲ ಹಿಡಿಯುತ್ತಿದ್ದ.

ಆರ್ಮೆಲ್ ದೊರ್ವಾಲಳ ಮೂರನೆಯ ತಟ್ಟೆ ಬಂದ ಚಳಿಗಾಲ.
ಕುರ್ಚಿಯ ಕಿರುಗು. ಉಸಿರು. ಹಾಡು ಹುಟ್ಟುವ ಮುಂಚೆ
ಟಿಕ್.
ಇನ್ನೊಂದು ತೆಗೆದೆ. ಅದೇ ಜಾಗ, ಟಿಕ್.
ಮುನ್ನೂರು ತಟ್ಟೆ ಕೆಂಪು ಬುಟ್ಟಿಗೆ ಹಾಕಿದೆ,
ಬುಟ್ಟಿ ಕುಲುಮೆಗೆ ಹೋಯಿತು, ಫೋನು ಪ್ಯಾರಿಸ್ಸಿಗೆ.
ಪ್ಯಾರಿಸ್ಸು ನಕ್ಕಿತಂತೆ:
ದೋಷವಲ್ಲ ಅದು, ಅವಳ ಮದುವೆಯುಂಗುರ,
ಹಾಡುವ ಮುನ್ನ ಮೈಕಿನ ಕಂಬ ಹಿಡಿಯುತ್ತಾಳೆ.
ನನ್ನ ಅರ್ಧ ವಾರದ ಕೂಲಿ ಮುರಿದರು.
ಅಂದಿನಿಂದ ಆ ಉಂಗುರದಲ್ಲಿ
ನನ್ನದೂ ಒಂದು ಚೂರು ಇದೆ ಎಂದುಕೊಂಡೆ.

ಒಮ್ಮೆ ಬಂದಿದ್ದಳು, ಫೋಟೋದವನನ್ನು ಕಟ್ಟಿಕೊಂಡು.
ಸಾಲಾಗಿ ನಿಂತ ನಲವತ್ತು ಕೈ ಕುಲುಕಿದಳು.
ನಿಮ್ಮ ಕೈ ಎಷ್ಟು ಬೆಚ್ಚಗಿದೆ, ಎಂದಳು.
ಉಂಡೆಯ ಬಿಸಿ ಮೇಡಂ, ಎಂದೆ. ಇನ್ನೇನು ಹೇಳಲಿ.
ಉಂಗುರ ನೋಡಿದೆ. ಸಣ್ಣ ಹರಳು.
ಇಷ್ಟೇನಾ, ಅನ್ನಿಸಿತು.

ಆಮೇಲೆ ಮೂರು ವರ್ಷ, ಐದು ತಟ್ಟೆ, ಟಿಕ್ ಟಿಕ್,
ಬಾಗಿಲು ಬಡಿದು ಒಳಗೆ ಬರುವ ನೆಂಟಳ ಹಾಗೆ.
ಎಪ್ಪತ್ತೊಂದರ ಮಾರ್ಚ್, ಹೊಸ ಅಚ್ಚು.
ಕುರ್ಚಿ ಕಿರುಗಿತು. ಉಸಿರು ಎಳೆದಳು.
ಹಾಡಿದಳು.
ಮುಳ್ಳು ಎತ್ತಿ ಮತ್ತೆ ಇಟ್ಟೆ.
ಇನ್ನೊಂದು ತಟ್ಟೆ, ಮತ್ತೊಂದು.
ತೊಳೆದು ಬೋರಲು ಹಾಕಿದ ಬಟ್ಟಲಿನ ಹಾಗೆ ಶುದ್ಧ.
ಗುಳ್ಳೆ, ಗೀರು, ಓರೆ ತೂತು:
ದಾಖಲೆ ಪುಸ್ತಕದಲ್ಲಿದ್ದದ್ದು ಮೂರೇ ಕಲಮು.
ಸರಿಯಿದೆ ಎಂದು ಬರೆದು ಸಹಿ ಹಾಕಿದೆ.

ಆ ಸಂಜೆ ಟ್ರಾಮಿನ ನಿಲ್ದಾಣದಲ್ಲಿ
ವಾರಪತ್ರಿಕೆಯ ಮೇಲೆ ಗಂಡ ಹೆಂಡತಿ
ದೋಣಿಯೊಂದರಲ್ಲಿ ಇನ್ನೂ ನಗುತ್ತಿದ್ದರು.
ಅದಕ್ಕೆ ಗೊತ್ತಾಗಲು ಐದು ತಿಂಗಳು ಬೇಕಾಯಿತು.
ಗೊತ್ತಾದ ದಿನ ಊಟದ ಬಿಡುವಿನಲ್ಲಿ ಹೆಂಗಸರೆಲ್ಲ
ಅಯ್ಯೋ ನಮ್ಮ ಆರ್ಮೆಲ್, ಎಂದರು.
ನಾನು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದೆ,
ಚೂರೂ ಅಂಟದ ಹಾಗೆ, ತುಂಬ ನಿಧಾನವಾಗಿ.

ಈಗ ತಂಗಿಯ ಮೊಮ್ಮಗ ಬಾಸ್ತಿಯಾಂ
ಕಿತ್ತಳೆ ಹಣ್ಣಿನಷ್ಟು ಸ್ಪೀಕರು ತಂದು ಮೇಜಿನ ಮೇಲಿಟ್ಟು
ಹಳೆಯದನ್ನೆಲ್ಲ ಶುಚಿ ಮಾಡಿದ್ದಾರೆ ಅಜ್ಜಿ, ಎನ್ನುತ್ತಾನೆ,
ಗಾಜಿನಂತಿದೆ, ಕೇಳು.
ಮೂರನೆಯ ತಟ್ಟೆ. ಕುರ್ಚಿಯಿಲ್ಲ. ಉಸಿರಿಲ್ಲ.
ಮದುವೆಯೇ ಆಗಿರಲಿಲ್ಲ ಅವಳಿಗೆ,
ನನ್ನ ಕೂಲಿ ಯಾರೂ ಮುರಿದಿರಲಿಲ್ಲ.
ಹತ್ತೊಂಬತ್ತು ವರ್ಷ ಕಸ ಹುಡುಕಿ ಎಸೆದವಳು
ಅಲ್ಲಿ ಕೂತು ಕಸಕ್ಕಾಗಿ ಕಿವಿ ಚಾಚಿದೆ.

ಮತ್ತೆ ಹಾಕು, ಎಂದೆ.
ಚಮಚದಿಂದ ಬಟ್ಟಲಿಗೆ ಬಡಿದೆ, ಟಿಕ್,
ಹಾಡು ಆಗಲೇ ಹೊರಟುಬಿಟ್ಟಿತ್ತು.
ಮತ್ತೆ ಹಾಕು. ಈ ಸಲವೂ ತಡ.
ಕಾಫಿ ಆರಿತು.
ಮುಂದಕ್ಕೆ ಕೇಳುವುದೇ ಇಲ್ಲವಾ ಅಜ್ಜಿ, ಎಂದ ಹುಡುಗ.
ನಡುವಿನದು ನನ್ನ ಕೆಲಸವಲ್ಲಪ್ಪ, ಎಂದೆ.